ಗಾಣದ ಎಣ್ಣೆ ಮಾರೋಕೆ ಮೊಬೈಲ್ ವಿಡಿಯೋ: ಏನು ತೆಗೀಬೇಕು, ಹೇಗೆ ತೆಗೀಬೇಕು

ಗಾಣದ ಎಣ್ಣೆ ಅಂಗಡಿಗೆ ಬರುವ ಹೊಸ ಗಿರಾಕಿ ಮೊದಲು ಕೇಳುವ ಪ್ರಶ್ನೆ ಒಂದೇ. "ಏನ್ರೀ, ಇಷ್ಟೊಂದು ರೇಟಾ?" ಕೌಂಟರ್ ಹಿಂದೆ ನಿಂತು ದಿನಾ ಅದಕ್ಕೆ ಉತ್ತರ ಹೇಳಿ ಹೇಳಿ ನಿಮಗೆ ಬಾಯಿಪಾಠ ಆಗಿರುತ್ತದೆ. ಆ ಉತ್ತರವನ್ನೇ ಒಂದು ಸಲ ಮೊಬೈಲ್ ಮುಂದೆ ಹೇಳಿ. ನಿಮ್ಮ ಮೊದಲ ವಿಡಿಯೋ ಅದೇ.

ಸಾಮಾನ್ಯವಾಗಿ ಜನ ಶುರು ಮಾಡುವುದು ಬೇರೆ ಥರ. ಮದುವೆ ವಿಡಿಯೋ ತೆಗೆಯುವವರನ್ನು ಕರೆಸುತ್ತಾರೆ. ಡ್ರೋನ್ ಹಾರುತ್ತದೆ, ಅಂಗಡಿ ಬೋರ್ಡ್ ಕಾಣುತ್ತದೆ, ಹಿಂದೆ ಸಿನಿಮಾ ಹಾಡು, ಸಾಲಾಗಿ ಜೋಡಿಸಿದ ಬಾಟಲಿ, ಕೊನೆಗೆ "ಇಂದೇ ಭೇಟಿ ಕೊಡಿ". ಅದನ್ನು ನೋಡಿದವರಿಗೆ ಅಲ್ಲೊಂದು ಅಂಗಡಿ ಇದೆ ಅಂತ ಗೊತ್ತಾಗುತ್ತದೆ, ಅಷ್ಟೇ. ಯಾಕೆ ಅಲ್ಲಿಗೇ ಹೋಗಬೇಕು ಅನ್ನೋದು ಗೊತ್ತಾಗುವುದಿಲ್ಲ. ಆ ದುಡ್ಡಿಗೆ ಒಂದು ಕಾಲರ್ ಮೈಕ್, ಒಂದು ಟ್ರೈಪಾಡ್ ತಗೊಂಡು ಉಳಿದದ್ದನ್ನು ಬೀಜಕ್ಕೆ ಹಾಕಿ ಅಂತ ನಾನು ಹೇಳುತ್ತೇನೆ.

ಕೌಂಟರ್ ಪಕ್ಕ ಒಂದು ನೋಟ್‌ಬುಕ್ ಇಡಿ. ಒಂದು ವಾರ ಗಿರಾಕಿಗಳು ಕೇಳಿದ್ದನ್ನೆಲ್ಲ ಅವರ ಮಾತಲ್ಲೇ ಬರೆದುಕೊಳ್ಳಿ. ಪೂರಿ ಕರಿಯುವಾಗ ನೊರೆ ಬರುತ್ತೆ, ಯಾಕೆ? ಬಾಟಲಿ ತಳದಲ್ಲಿ ಗಸಿ ಕೂತಿದೆಯಲ್ಲ, ಹಾಳಾಗಿದೆಯಾ? ಎಷ್ಟು ದಿನ ಇಡಬಹುದು? ಇದು ಮರದ ಗಾಣದ್ದೇ ಅಂತ ಹೇಗೆ ನಂಬೋದು? ಕುಸುಬೆ ಎಣ್ಣೆ ಒಗ್ಗರಣೆಗೆ ಆಗುತ್ತಾ? ಒಂದೊಂದು ಪ್ರಶ್ನೆಗೂ ಒಂದೊಂದು ವಿಡಿಯೋ. ಎರಡನ್ನು ಒಂದಕ್ಕೇ ತುರುಕಬೇಡಿ. ಗಿರಾಕಿ "ಗಸಿ" ಅಂದರೆ ವಿಡಿಯೋದಲ್ಲೂ ಗಸಿ ಅಂತಲೇ ಅನ್ನಿ, ಯಾಕೆಂದರೆ ಅವರು ಹುಡುಕುವಾಗ ಟೈಪ್ ಮಾಡುವುದೂ ಅದನ್ನೇ.

ರೇಟಿನ ವಿಡಿಯೋ ತೆಗೆಯುವುದು ಹೀಗೆ

ತಕ್ಕಡಿ ಮೇಲೆ ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ. ಆ ಸೊನ್ನೆ ಕ್ಯಾಮೆರಾಗೆ ಕಾಣಬೇಕು. ಹತ್ತು ಕೆಜಿ ಕಡಲೆಬೀಜ ಸುರಿಯಿರಿ. ಅದನ್ನು ಗಾಣಕ್ಕೆ ಹಾಕುವುದು, ಬೀಜ ನುರಿದು ಮುದ್ದೆಯಾಗುವುದು, ಮೊದಲ ಎಣ್ಣೆ ಜಿನುಗುವುದು, ಇವೆಲ್ಲ ಎರಡೆರಡು ಮೂರು ಮೂರು ಸೆಕೆಂಡ್ ಸಾಕು. ಆಮೇಲೆ ಎಣ್ಣೆ ತೂಗಿ. ಹಿಂಡಿಯನ್ನೂ ತೂಗಿ. ಹತ್ತು ಕೆಜಿಗೆ ನಾಲ್ಕು ಕೆಜಿ ಆಸುಪಾಸು ಎಣ್ಣೆ ಬರುತ್ತದೆ, ಬೀಜ ಸಣಕಲಾಗಿದ್ದರೆ ಇನ್ನೂ ಕಮ್ಮಿ. ಇಲ್ಲೊಂದು ಸಣ್ಣ ವಿಷಯ ಇದೆ, ಗಿರಾಕಿಗಳು ಲೀಟರನ್ನೂ ಕೆಜಿಯನ್ನೂ ಒಂದೇ ಅಂದುಕೊಂಡಿರುತ್ತಾರೆ. ಕಡಲೆಕಾಯಿ ಎಣ್ಣೆ ಒಂದು ಲೀಟರ್ ಸುಮಾರು 910 ಗ್ರಾಂ ತೂಗುತ್ತದೆ. ಅಂದರೆ ಒಂದು ಲೀಟರಿಗೆ ಎರಡೂಕಾಲರಿಂದ ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 130 ರೂಪಾಯಿ ಅಂತ ಇಟ್ಟುಕೊಳ್ಳಿ, ಬೀಜದ ಖರ್ಚೇ 300ರ ಹತ್ತಿರ ಬಂತು. ಕರೆಂಟು, ಕೂಲಿ, ಬಾಟಲಿ ಇನ್ನೂ ಸೇರಿಲ್ಲ. ಹಿಂಡಿ ಮಾರಿದ್ದು ಒಂದಿಷ್ಟು ವಾಪಸ್ ಬರುತ್ತದೆ, ಅದನ್ನೂ ಮುಚ್ಚಿಡದೆ ಹೇಳಿ. ಹಸು ಸಾಕಿದವರು ಹಿಂಡಿ ಒಯ್ಯುತ್ತಾರೆ ಅನ್ನೋದು ಊರಲ್ಲಿ ಎಲ್ಲರಿಗೂ ಗೊತ್ತು, ಬಚ್ಚಿಟ್ಟರೆ ಕಾಮೆಂಟಲ್ಲಿ ಯಾರಾದರೂ ಹಿಡಿಯುತ್ತಾರೆ.

ಇಷ್ಟನ್ನು 60 ಸೆಕೆಂಡಿಗೆ ಇಳಿಸಬಹುದು. ಶುರುವಿನ ಮಾತು "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ" ಆಗಿರಬಾರದು. ಅಷ್ಟರಲ್ಲಿ ನೋಡುವವರ ಹೆಬ್ಬೆರಳು ಮೇಲಕ್ಕೆ ಸರಿದಿರುತ್ತದೆ. ತಕ್ಕಡಿಗೆ ಬೀಜ ಸುರಿಯುತ್ತಾ "ಹತ್ತು ಕೆಜಿ ಬೀಜಕ್ಕೆ ಎಷ್ಟು ಎಣ್ಣೆ ಬರುತ್ತೆ ಹೇಳಿ ನೋಡೋಣ" ಅಂತ ನೇರವಾಗಿ ಶುರು ಮಾಡಿ. ಉತ್ತರ ತಿಳಿಯೋವರೆಗೂ ನೋಡುತ್ತಾರೆ.

ಯಾವ ವಿಡಿಯೋ ಯಾವಾಗ ಅನ್ನೋದೂ ಮುಖ್ಯ. ತೆಂಗಿನೆಣ್ಣೆ 24–25 ಡಿಗ್ರಿಗಿಂತ ಕೆಳಗೆ ಹೋದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರು, ಮಡಿಕೇರಿ ಕಡೆಯಿಂದ ಫೋನ್ ಬರಲು ಶುರು. "ಎಣ್ಣೆ ಬೆಳ್ಳಗೆ ಗಟ್ಟಿಯಾಗಿದೆ, ಡಾಲ್ಡಾ ಕಲಸಿದ್ದೀರಾ?" ಅದಕ್ಕೆ ಮುಂಚೆ, ನವೆಂಬರಿನಲ್ಲೇ ವಿಡಿಯೋ ಬಿಡಿ. ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಫೋನಿನಲ್ಲಿ ಟೈಮ್‌ಲ್ಯಾಪ್ಸ್ (ನಿಧಾನವಾಗಿ ಆಗುವುದನ್ನು ಬೇಗ ಓಡಿಸಿ ತೋರಿಸುವ ವಿಡಿಯೋ) ಹಾಕಿ. ಅಂಚಿನಿಂದ ಕರಗುತ್ತಾ ಬಂದು ನಡುವೆ ಒಂದು ಬಿಳಿ ಉಂಡೆ ತೇಲುತ್ತದೆ, ಅದೂ ಕರಗಿ ಎಣ್ಣೆ ತಿಳಿಯಾಗುತ್ತದೆ. ಮಾತೇ ಬೇಡ, ಎರಡು ಸಾಲು ಅಕ್ಷರ ಸಾಕು. ಈ ವಿಡಿಯೋವನ್ನು ಮೊಬೈಲಲ್ಲೇ ಇಟ್ಟುಕೊಳ್ಳಿ, ಫೋನ್ ಮಾಡಿದವರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ವಾದವೇ ಇರುವುದಿಲ್ಲ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಎಳ್ಳೆಣ್ಣೆ, ಗೌರಿ ಹಬ್ಬದ ಕರಿಗಡುಬಿಗೆ ಕಡಲೆಕಾಯಿ ಎಣ್ಣೆ, ಇವಕ್ಕೆಲ್ಲ ಹಬ್ಬಕ್ಕೆ ಎರಡು ವಾರ ಮುಂಚೆಯೇ ವಿಡಿಯೋ ಹೊರಗೆ ಬರಬೇಕು. ಹಬ್ಬದ ದಿನ ಶುಭಾಶಯದ ವಿಡಿಯೋ ಹಾಕಿದರೆ ಯಾರೂ ಎಣ್ಣೆ ತಗೊಳ್ಳಲ್ಲ, ಆ ಹೊತ್ತಿಗೆ ಬಾಣಲೆ ಒಲೆ ಮೇಲಿರುತ್ತದೆ.

ಬೆಳಕು, ಸದ್ದು

ಕ್ಯಾಮೆರಾ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ನಿಮ್ಮ ಹತ್ತಿರ ಇರುವ ಫೋನೇ ಸಾಕು. ಆದರೆ ಎಣ್ಣೆ ಅಂಗಡಿಯಲ್ಲಿ ಫೋನಿನ ಲೆನ್ಸ್ ಮೇಲೆ ಜಿಡ್ಡು ಕೂತಿರುವುದು ಗ್ಯಾರಂಟಿ, ಹಾಗಾಗಿ ಪ್ರತಿ ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸಿಯೇ ಶುರು ಮಾಡಿ. ಇದನ್ನು ಮಾಡದಿದ್ದರೆ ಎಷ್ಟು ದುಬಾರಿ ಫೋನಾದರೂ ಮಬ್ಬು ಮಬ್ಬೇ.

ಎಣ್ಣೆಯ ಬಣ್ಣ ಚೆನ್ನಾಗಿ ಕಾಣಬೇಕೆಂದರೆ ಬೆಳಕು ಪಕ್ಕದಿಂದಲೋ ಹಿಂದಿನಿಂದಲೋ ಬರಬೇಕು. ಬಾಗಿಲ ಹತ್ತಿರ, ಬೆಳಗ್ಗೆ ಹೊತ್ತು, ಟ್ಯೂಬ್‌ಲೈಟ್ ಆರಿಸಿ ತೆಗೆಯಿರಿ. ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಓಡಾಡುವುದು ನೋಡಿರುತ್ತೀರಿ. ನಮ್ಮ ಕರೆಂಟು 50 ಹರ್ಟ್ಜ್, ಫೋನು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತದೆ, ಎರಡಕ್ಕೂ ತಾಳ ಕೂಡುವುದಿಲ್ಲ. ಫೋನಿನ ಕ್ಯಾಮೆರಾದಲ್ಲಿ ಪ್ರೊ ಮೋಡ್ (ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ) ಇದ್ದರೆ ಶಟರ್ 1/50 ಅಥವಾ 1/100ಕ್ಕೆ ಇಡಿ, ಪಟ್ಟೆ ಹೋಗುತ್ತದೆ. ಇನ್ನೊಂದು, ಎಣ್ಣೆ ಹೊಳೆಯುವುದರಿಂದ ಫೋನು ಪದೇಪದೇ ಬೆಳಕು ಹೊಂದಿಸಲು ಹೋಗಿ ಚಿತ್ರ ಒಮ್ಮೆ ಕಪ್ಪಾಗುತ್ತದೆ, ಒಮ್ಮೆ ಬೆಳ್ಳಗಾಗುತ್ತದೆ. ಪರದೆ ಮೇಲೆ ಎಣ್ಣೆ ಬೀಳುವ ಜಾಗದಲ್ಲಿ ಬೆರಳನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತದೆ.

ಸದ್ದಿನ ವಿಷಯಕ್ಕೆ ಬಂದರೆ, ಗಾಣದ ಮೋಟಾರ್ ಓಡುತ್ತಿರುವಾಗ ಮಾತಾಡಿದರೆ ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ. ಮೊದಲು ಗಾಣ ಓಡುವುದನ್ನು ಅದರ ಕಿರುಗುಟ್ಟುವ ಸದ್ದಿನ ಸಮೇತ ತೆಗೆಯಿರಿ. ಮೋಟಾರ್ ನಿಲ್ಲಿಸಿದ ಮೇಲೆ, ಚೀಲಗಳು ಪೇರಿಸಿಟ್ಟ ಕೋಣೆಯಲ್ಲಿ ಕೂತು ಮಾತು ರೆಕಾರ್ಡ್ ಮಾಡಿ. ಚೀಲಗಳು ಸದ್ದನ್ನು ನುಂಗುತ್ತವೆ, ಗುಂಯ್ ಅನ್ನುವುದಿಲ್ಲ. ಎಡಿಟ್ ಮಾಡುವಾಗ ಮರದ ಸದ್ದು ಮೂರು ನಾಲ್ಕು ಸೆಕೆಂಡ್ ಜೋರಾಗಿರಲಿ, ಆಮೇಲೆ ಅದನ್ನು ತಗ್ಗಿಸಿ ನಿಮ್ಮ ಮಾತು ಹಾಕಿ. ಕಾಲರ್ ಮೈಕ್ ಸಾವಿರ ರೂಪಾಯಿ ಒಳಗೇ ಸಿಗುತ್ತದೆ.

ಮಾತಾಡುವವರು ಯಾರು? ಮಾಲೀಕರೇ ಮಾತಾಡಲಿ, ಇಲ್ಲ ಗಾಣ ನೋಡಿಕೊಳ್ಳುವವರೇ ಮಾತಾಡಲಿ. ಚಳ್ಳಕೆರೆಯವರು ಚಳ್ಳಕೆರೆ ಕನ್ನಡ, ವಿಜಯಪುರದವರು "ಶೇಂಗಾ ಎಣ್ಣಿ" ಅಂತಲೇ ಅನ್ನಲಿ. ಟಿವಿ ವಾರ್ತೆಯ ಕನ್ನಡ ಎಣ್ಣೆ ಮಾರುವುದಿಲ್ಲ. ಬರೆದಿಟ್ಟುಕೊಂಡು ಓದಬೇಡಿ. ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು ಅವರು ಪ್ರಶ್ನೆ ಕೇಳಲಿ, ನೀವು ಅವರಿಗೆ ಹೇಳಿ.

ಎಡಿಟಿಂಗಿಗೆ ಇನ್‌ಶಾಟ್, ವಿಎನ್, ಯೂಟ್ಯೂಬ್ ಕ್ರಿಯೇಟ್ ಯಾವುದಾದರೂ ಆಗುತ್ತದೆ. ಫೋನು ನೆಟ್ಟಗೆ ಹಿಡಿದು ತೆಗೆದ 9:16 ಅಳತೆಯೇ ಇರಲಿ. ಬಸ್ಸಿನಲ್ಲಿ, ಆಫೀಸಿನಲ್ಲಿ ಸದ್ದು ಮುಚ್ಚಿಕೊಂಡು ನೋಡುವವರು ಬಹಳ, ಅದಕ್ಕೇ ಮುಖ್ಯ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಪರದೆ ಮೇಲೆ ಹಾಕಿ. ತೀರಾ ಕೆಳಗೆ ಮತ್ತು ಬಲಗಡೆ ಹಾಕಬೇಡಿ, ಅಲ್ಲಿ ಲೈಕ್ ಶೇರ್ ಬಟನ್ನು ಕೂತು ಮುಚ್ಚಿಬಿಡುತ್ತದೆ. ಸಿನಿಮಾ ಹಾಡು ಬೇಡ. ಇನ್‌ಸ್ಟಾಗ್ರಾಮ್ ಬಿಸಿನೆಸ್ ಖಾತೆಗೆ ಹೆಚ್ಚಿನ ಹಾಡುಗಳು ಸಿಗುವುದೂ ಇಲ್ಲ, ಯೂಟ್ಯೂಬ್‌ನಲ್ಲಿ ಕಾಪಿರೈಟ್ ತಕರಾರು ಬಂದರೆ ವಿಡಿಯೋ ನಿಂತೇ ಹೋಗಬಹುದು. ಗಾಣದ ಸದ್ದೇ ಇರುವಾಗ ಹಾಡು ಯಾಕೆ?

ಎಲ್ಲಿ ಹಾಕುವುದು

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಂತ ಮೇಲೆ ಅದೇ ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ನಮ್ಮಲ್ಲಿಗೆ ಬಂದವು. ಈಗ ಎರಡರಲ್ಲೂ ಮೂರು ನಿಮಿಷದ ವಿಡಿಯೋನೂ ಹಾಕಬಹುದು. ಹಾಕಬಹುದು ಅಂತ ಹಾಕಬೇಡಿ. ಒಂದೇ ವಿಡಿಯೋವನ್ನು ಎರಡು ಕಡೆಯೂ ಹಾಕಿ, ವಾಟ್ಸಾಪ್ ಸ್ಟೇಟಸ್‌ಗೂ ಹಾಕಿ. ಸ್ಟೇಟಸ್ಸನ್ನು ಸುಮ್ನೆ ಅಂದುಕೊಳ್ಳಬೇಡಿ. ನಿಮ್ಮ ನಂಬರ್ ಸೇವ್ ಮಾಡಿಕೊಂಡಿರುವವರು ಆಗಲೇ ಒಮ್ಮೆ ಎಣ್ಣೆ ಒಯ್ದವರು, ಮನೆಯಲ್ಲಿ ಎಣ್ಣೆ ಮುಗಿದಿದ್ದು ಅವರಿಗೆ ನೆನಪಾಗುವುದೇ ಅದನ್ನು ನೋಡಿ.

ಯೂಟ್ಯೂಬ್‌ನ ಲಾಭ ಬೇರೆ. ರೀಲ್ಸ್ ನಾಲ್ಕು ದಿನ ಓಡಿ ತಣ್ಣಗಾಗುತ್ತದೆ, ಯೂಟ್ಯೂಬ್‌ನಲ್ಲಿ ಜನ ವರ್ಷವಾದ ಮೇಲೂ ಹುಡುಕಿಕೊಂಡು ಬರುತ್ತಾರೆ. ಅದಕ್ಕೇ ಟೈಟಲ್‌ನಲ್ಲಿ ಪ್ರಶ್ನೆಯನ್ನೇ ಬರೆಯಿರಿ, ಊರಿನ ಹೆಸರು ಸೇರಿಸಿ. ನಮ್ಮವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದೇ ಜಾಸ್ತಿ ಅಲ್ವಾ, ಹಾಗಾಗಿ ಕೆಳಗಿನ ವಿವರದಲ್ಲಿ ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆದಿಡಿ. ಶಾರ್ಟ್ಸ್ ವಿವರದಲ್ಲಿ, ಕಾಮೆಂಟಿನಲ್ಲಿ ಹಾಕಿದ ಲಿಂಕ್ ಒತ್ತಿದರೆ 2023ರ ಆಗಸ್ಟ್ ಕೊನೆಯಿಂದ ತೆರೆಯುವುದಿಲ್ಲ. ಫೋನ್ ನಂಬರನ್ನು ವಿಡಿಯೋದಲ್ಲೇ ದೊಡ್ಡದಾಗಿ ತೋರಿಸಿ, ಚಾನೆಲ್ ಪ್ರೊಫೈಲಿನಲ್ಲೂ ಹಾಕಿ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಇದ್ದರೆ ಅಲ್ಲಿಗೂ 30 ಸೆಕೆಂಡಿನೊಳಗಿನ ಒಂದು ತುಣುಕು ಹಾಕಬಹುದು, ಬಸ್‌ಸ್ಟ್ಯಾಂಡಿನಿಂದ ಅಂಗಡಿಗೆ ನಡೆದು ಬರುವ ದಾರಿ ಅದಕ್ಕೆ ಸರಿ.

ದುಡ್ಡು ಕೊಟ್ಟು ಬೂಸ್ಟ್ ಮಾಡುವುದು, ಅಂದರೆ ವಿಡಿಯೋವನ್ನು ಇನ್ನಷ್ಟು ಜನರಿಗೆ ತೋರಿಸುವುದು, ಆಮೇಲಿನ ಮಾತು. ತಾನಾಗೇ ಓಡಿ, ಫೋನ್ ತಂದುಕೊಟ್ಟ ವಿಡಿಯೋಗೆ ಮಾತ್ರ ಮಾಡಿ, ಊರ ಸುತ್ತ 15–20 ಕಿಲೋಮೀಟರಿಗೆ ಸೀಮಿತ ಮಾಡಿ. ಫುಡ್ ಪೇಜಿನವರು "ದುಡ್ಡು ಕೊಡಿ, ಹಾಕುತ್ತೇವೆ" ಅಂತ ಬಂದರೆ ಅವರ ಫಾಲೋವರ್ಸ್ ಎಷ್ಟು ಅಂತ ಕೇಳುವ ಬದಲು ಎಲ್ಲಿಯವರು ಅಂತ ಕೇಳಿ. ಹಾಕಿದರೆ ಅದು ಜಾಹೀರಾತು ಅಂತ ಅವರು ಸ್ಪಷ್ಟವಾಗಿ ತಿಳಿಸಲೇಬೇಕು.

ಹೇಳಬಾರದ ಮಾತುಗಳು

"ಈ ಎಣ್ಣೆ ತಿಂದರೆ ಶುಗರ್ ಹೋಗುತ್ತೆ, ಹಾರ್ಟ್ ಬ್ಲಾಕ್ ಕರಗುತ್ತೆ." ಇಂಥ ವಿಡಿಯೋ ಚೆನ್ನಾಗಿ ಓಡುತ್ತವೆ, ನಿಜ. ಆದರೆ ರೋಗ ವಾಸಿಯಾಗುತ್ತದೆ ಅಂತ ಜಾಹೀರಾತು ಮಾಡುವುದರ ವಿರುದ್ಧ 1954ರಿಂದಲೇ ಕಾಯ್ದೆ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. "ರಿಫೈನ್ಡ್ ಎಣ್ಣೆ ವಿಷ" ಅಂತ ಬೇರೆ ಬ್ರ್ಯಾಂಡಿನ ಪ್ಯಾಕೆಟ್ ತೋರಿಸಿ ಬೈಯುವುದೂ ಬೇಡ. ವಕೀಲರ ನೋಟಿಸ್ ಬಂದರೆ ಗಾಣ ನಿಲ್ಲಿಸಿ ಓಡಾಡಬೇಕಾಗುತ್ತದೆ. ನಿಮ್ಮ ಎಣ್ಣೆಯಲ್ಲಿ ಏನಿದೆ, ಹೇಗೆ ತೆಗೆದಿರಿ, ಅದನ್ನು ತೋರಿಸಿದರೆ ಸಾಕು.

ಇನ್ನೊಂದನ್ನು ತುಂಬಾ ಜನ ಗಮನಿಸುವುದಿಲ್ಲ. ಅಡುಗೆ ಎಣ್ಣೆಯನ್ನು ಪ್ಯಾಕ್ ಮಾಡಿ, ಲೇಬಲ್ ಹಾಕಿ ಮಾರಬೇಕು ಅನ್ನೋ ನಿಯಮ ಇದೆ. ಡ್ರಮ್ಮಿನಿಂದ ಗಿರಾಕಿಯ ಹಳೇ ಬಾಟಲಿಗೆ ನಲ್ಲಿ ತಿರುಗಿಸಿ ತುಂಬಿಕೊಡುವ ದೃಶ್ಯ ನೋಡಲು ಚಂದ, ಆದರೆ ನೀವೇ ಸಾಕ್ಷಿ ಒದಗಿಸಿದ ಹಾಗೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ನಂಬರ್, ತಯಾರಾದ ದಿನಾಂಕ ಇರುವ ಲೇಬಲ್ಲನ್ನು ಹತ್ತಿರದಿಂದ ತೋರಿಸಿ, ನಂಬಿಕೆಗೆ ಅದೇ ಒಳ್ಳೆಯದು.

ಫೋನ್ ಬರಲು ಶುರುವಾದ ಮೇಲೆ

ವ್ಯೂಸ್ ನೋಡುತ್ತಾ ಕೂರಬೇಡಿ. ಲಕ್ಷ ವ್ಯೂಸ್ ಬಂದು ಒಂದು ಬಾಟಲಿಯೂ ಹೋಗದೇ ಇರಬಹುದು, ಎಂಟುನೂರು ಜನ ನೋಡಿದ ವಿಡಿಯೋ ತಿಂಗಳ ಗಿರಾಕಿಗಳನ್ನು ತರಬಹುದು. ಫೋನ್ ಮಾಡಿದವರನ್ನೆಲ್ಲ "ಯಾವ ವಿಡಿಯೋ ನೋಡಿದ್ರಿ?" ಅಂತ ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯೂಟ್ಯೂಬ್ ಸ್ಟುಡಿಯೋ ಆ್ಯಪ್‌ನಲ್ಲಿ ಜನ ಯಾವ ಸೆಕೆಂಡಿಗೆ ಬಿಟ್ಟು ಹೋದರು ಅನ್ನೋ ಗೆರೆ ಕಾಣುತ್ತದೆ. ಗೆರೆ ಧೊಪ್ಪನೆ ಬಿದ್ದ ಜಾಗದಲ್ಲಿ ನೀವು ಏನು ಮಾತಾಡುತ್ತಿದ್ದಿರಿ ಅಂತ ನೋಡಿ, ಮುಂದಿನ ಸಲ ಅದನ್ನು ಬಿಡಿ.

ವಾಟ್ಸಾಪ್ ಬಿಸಿನೆಸ್ ಹಾಕಿಕೊಳ್ಳಿ, ಅದು ಉಚಿತ. ಕ್ಯಾಟಲಾಗ್‌ನಲ್ಲಿ ಪ್ರತಿ ಎಣ್ಣೆಯ ಫೋಟೋ, ರೇಟು ಇರಲಿ. ಕೊರಿಯರ್ ಖರ್ಚು, ಎಷ್ಟು ದಿನಕ್ಕೆ ತಲುಪುತ್ತದೆ ಅನ್ನೋದನ್ನು ಕ್ವಿಕ್ ರಿಪ್ಲೈನಲ್ಲಿ ಬರೆದಿಟ್ಟರೆ ಒಂದೇ ಮಾತನ್ನು ನೂರು ಸಲ ಟೈಪ್ ಮಾಡುವುದು ತಪ್ಪುತ್ತದೆ. "ರೇಟ್ ಎಷ್ಟು" ಅಂತ ಕಾಮೆಂಟಲ್ಲಿ ಕೇಳಿದವರಿಗೆ "ಡಿಎಂ ಮಾಡಿ" (ಖಾಸಗಿಯಾಗಿ ಮೆಸೇಜ್ ಮಾಡಿ) ಅನ್ನಬೇಡಿ. ಅಲ್ಲೇ ರೇಟು ಹೇಳಿ. ಮುಚ್ಚಿಟ್ಟರೆ ಜಾಸ್ತಿ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ.

ಕೆಲವು ಕೊರಿಯರ್‌ನವರು ಎಣ್ಣೆ ತಗೊಳ್ಳುವುದಿಲ್ಲ, ಮೊದಲೇ ವಿಚಾರಿಸಿ. ಆಮೇಲೆ ಪ್ಯಾಕಿಂಗಿನದ್ದೂ ಒಂದು ವಿಡಿಯೋ ತೆಗೆಯಿರಿ. ಮುಚ್ಚಳಕ್ಕೆ ಸೀಲ್, ಅದರ ಮೇಲೆ ಟೇಪು, ಬಬಲ್ ಕವರ್, ರಟ್ಟಿನ ಡಬ್ಬಿ, ಕೊನೆಗೆ ಡಬ್ಬಿಯನ್ನು ಸೊಂಟದೆತ್ತರದಿಂದ ಬೀಳಿಸಿ, ಬಿಚ್ಚಿ, ಎಣ್ಣೆ ತಾಗದ ಒಣ ರಟ್ಟನ್ನು ತೋರಿಸಿ. ದೂರದ ಊರಿನವರ ದೊಡ್ಡ ಭಯವೇ ಸೋರಿಕೆ.

ವಿಡಿಯೋ ಬಿಡುವ ಮುಂಚೆ ಸ್ಟಾಕ್ ನೋಡಿಕೊಳ್ಳಿ. ಮರದ ಗಾಣ ದಿನಕ್ಕೆ ಇಷ್ಟೇ ಅಂತ ತೆಗೆಯುತ್ತದೆ, ಆಮೇಲೆ ಗಸಿ ಇಳಿಯಲು ಎರಡು ಮೂರು ದಿನ ಬೇಕು. ವಿಡಿಯೋ ಜೋರಾಗಿ ಓಡಿ ಆರ್ಡರ್ ತುಂಬಿಕೊಂಡರೆ ಹೊರಗಿನಿಂದ ಎಣ್ಣೆ ತಂದು ತುಂಬಿಸುವ ಆಸೆ ಬರುತ್ತದೆ, ಬೇಡ. "ಸ್ಟಾಕ್ ಮುಗಿದಿದೆ, ಮುಂದಿನ ಸೋಮವಾರದಿಂದ ಕಳಿಸುತ್ತೇವೆ, ಹೆಸರು ಬರೆಸಿ" ಅಂತ ಕಾಮೆಂಟ್ ಹಾಕಿ ಅದನ್ನು ಮೇಲಕ್ಕೆ ಪಿನ್ ಮಾಡಿ.