ಡ್ರೆಸ್ಡನ್‌ನಲ್ಲಿ ಒಂದು ಸೆಮಿಸ್ಟರ್: ವಾರದ ದಿನಚರಿ, ವಾರಾಂತ್ಯದ ರೈಲು

ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದುತ್ತಿದ್ದಾಗ, ವಿದ್ಯಾರ್ಥಿ ವಿನಿಮಯ ಯೋಜನೆಯಡಿ 2024ರ ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಕಾಲ ನಾನು ಜರ್ಮನಿಯ ಡ್ರೆಸ್ಡನ್ ನಗರದಲ್ಲಿದ್ದೆ. ಈಗ ಹೊರಡಲು ಸಿದ್ಧರಾಗಿರುವ ಮೈಸೂರು, ಮಂಡ್ಯ ಕಡೆಯ ವಿದ್ಯಾರ್ಥಿಗಳು ಬಂದು ಕೇಳುವುದು ಹೆಚ್ಚಾಗಿ ವೀಸಾ ಮತ್ತು ಹಣದ ವಿಚಾರ. ಖರ್ಚಿಗೆ ತಿಂಗಳಿಗೆ 992 ಯೂರೋ ಇದೆಯೆಂದು ತೋರಿಸುವ ನಿಯಮ 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇವೆಲ್ಲ ಒಮ್ಮೆ ಮಾಡಿ ಮುಗಿಸುವ ಕೆಲಸಗಳು. ಪ್ರತಿವಾರವೂ ಎದುರಾಗುವ ಪ್ರಶ್ನೆ ಬೇರೆ: ವಾರವನ್ನು ಹೇಗೆ ಕಟ್ಟಿಕೊಂಡರೆ ಓದೂ ಸಾಗಿ, ಊರೂ ನೋಡಿದಂತಾಗುತ್ತದೆ?

ನನ್ನ ವಾರದ ಕೀಲಿ ಇದ್ದದ್ದು ಶನಿವಾರದಲ್ಲಿ. ಜರ್ಮನಿಯಲ್ಲಿ ಕಾನೂನಿನ ಪ್ರಕಾರ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಮಳಿಗೆ, ಪೆಟ್ರೋಲ್ ಬಂಕ್, ಕೆಲವು ಗಂಟೆ ತೆರೆಯುವ ಬೇಕರಿ ಬಿಟ್ಟರೆ ಬೇರೇನೂ ಸಿಗದು. ಭಾನುವಾರ ಬೆಳಿಗ್ಗೆ ಚೀಲ ಹಿಡಿದು ದೇವರಾಜ ಮಾರುಕಟ್ಟೆಗೆ ಹೋಗಿ ಅಭ್ಯಾಸವಿರುವ ನಮಗೆ ಇದು ಹೊಸತು. ಶುಕ್ರವಾರ ಸಂಜೆಯೊಳಗೆ ಲ್ಯಾಬ್ ವರದಿ ಮುಗಿಸುವುದು, ಶನಿವಾರ ತಿರುಗಾಟಕ್ಕೆ ಹೊರಡುವುದಿದ್ದರೆ ಶುಕ್ರವಾರ ರಾತ್ರಿಯೇ ತರಕಾರಿ, ಹಾಲು, ಬ್ರೆಡ್ಡು ತಂದಿಡುವುದು ಎಂದು ನಿಯಮ ಮಾಡಿಕೊಂಡೆ. ಅಂಗಡಿಗೆ ಹೋಗುವಾಗ ಖಾಲಿ ಪ್ಲಾಸ್ಟಿಕ್ ಬಾಟಲಿಗಳನ್ನು ಒಯ್ದು ಯಂತ್ರದ ಬಾಯಿಗೆ ಹಾಕಿದರೆ, ಒಂದೇ ಸಲ ಬಳಸುವ ಬಾಟಲಿ ಒಂದಕ್ಕೆ 25 ಸೆಂಟ್‌ನಂತೆ ಚೀಟಿ ಬರುತ್ತದೆ; ಅಷ್ಟು ಹಣ ಬಿಲ್ಲಿನಲ್ಲಿ ಕಳೆಯುತ್ತದೆ. ಗಾಜಿನ ಬಾಟಲಿಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ ಬೀದಿಯ ತೊಟ್ಟಿಗೆ ಹಾಕುವ ಕೆಲಸವನ್ನು ಮಾತ್ರ ಭಾನುವಾರ ಮಾಡುವಂತಿಲ್ಲ, ಏಕೆಂದರೆ ಅದು ನಿಶ್ಶಬ್ದದ ದಿನ.

ಮಧ್ಯಾಹ್ನದ ಊಟ ವಿದ್ಯಾರ್ಥಿಗಳ ಭೋಜನಶಾಲೆಯಾದ ಮೆನ್ಸಾದಲ್ಲಿ, ರಾತ್ರಿಯದು ಹಾಸ್ಟೆಲಿನ ಹಂಚಿಕೆಯ ಅಡುಗೆಮನೆಯಲ್ಲಿ. ಸಾರಿನ ಪುಡಿ, ಹುಳಿಪುಡಿ, ರಾಗಿಹಿಟ್ಟು ಮನೆಯಿಂದ ಬಂದಿದ್ದವು. ತುಪ್ಪವನ್ನು ಯಾರೂ ಕಟ್ಟಿಕೊಂಡು ಹೋಗಬಾರದು. ಹೊರದೇಶದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವುದಕ್ಕೆ ನಿಷೇಧವಿದೆ. ಅಲ್ಲಿ ಬೆಣ್ಣೆ ಧಾರಾಳವಾಗಿ ಸಿಗುತ್ತದೆ, ಕಾಯಿಸಿಕೊಂಡರಾಯಿತು.

ಇನ್ನು ತಿರುಗಾಟ. 2023ರ ಮೇ ತಿಂಗಳಲ್ಲಿ 49 ಯೂರೋ ದರದಲ್ಲಿ ಆರಂಭವಾಗಿ 2025ರಲ್ಲಿ 58 ಯೂರೋ ಇದ್ದ ‘ಡಾಯ್ಚ್‌ಲಾಂಡ್ ಟಿಕೆಟ್’ ಎಂಬ ಮಾಸಿಕ ಪಾಸು ಇಡೀ ದೇಶದ ಟ್ರಾಮ್, ಸಿಟಿ ಬಸ್ಸು ಮತ್ತು ಪ್ರಾದೇಶಿಕ ರೈಲುಗಳಿಗೆ ನಡೆಯುತ್ತದೆ, ಆದರೆ ಐಸಿಇಯಂಥ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಅನೇಕ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಗೆ ಇದನ್ನು ಇನ್ನೂ ಕಡಿಮೆ ದರದಲ್ಲಿ ಸೆಮಿಸ್ಟರ್ ಶುಲ್ಕದೊಳಗೇ ಸೇರಿಸಿ ಕೊಡುತ್ತವೆ. ನನ್ನ ಜೊತೆಗಿದ್ದ ಹಲವರು ಅಗ್ಗದ ವಿಮಾನ ಹಿಡಿದು ಒಂದೊಂದು ವಾರಾಂತ್ಯಕ್ಕೆ ಒಂದೊಂದು ರಾಜಧಾನಿ ನೋಡಿ ಬಂದರು. ನಾನು ನಿಧಾನದ ರೈಲಿನಲ್ಲಿ, ಸಂಜೆಗೆ ಹಿಂದಿರುಗಬಹುದಾದ ಊರುಗಳಿಗೇ ಹೋದೆ, ಇಷ್ಟವಾದ ಊರಿಗೆ ಮತ್ತೆ ಮತ್ತೆ ಹೋದೆ. ವಿನಿಮಯ ವಿದ್ಯಾರ್ಥಿಗೆ ಇದೇ ಉತ್ತಮವೆಂದು ಈಗಲೂ ನಂಬಿದ್ದೇನೆ. ಪ್ರವಾಸಿ ಮುಂದೆ ಯಾವಾಗ ಬೇಕಾದರೂ ಆಗಬಹುದು. ಒಂದು ಪ್ರದೇಶದ ನಿವಾಸಿಯಾಗಿರುವ ಅವಕಾಶ ಆ ಕೆಲವು ತಿಂಗಳಿಗಷ್ಟೇ ಇರುತ್ತದೆ.

ನಾನು ಹೆಚ್ಚು ಸಲ ಹೋದದ್ದು ಮರಳುಗಲ್ಲಿನ ಬಂಡೆಗಳ ಊರಾದ ರಾಥೆನ್‌ಗೆ. ಎಸ್ 1 ಎಂಬ ಉಪನಗರ ರೈಲು ಎಲ್ಬೆ ನದಿಯ ದಡದಲ್ಲೇ ಸಾಗಿ ಅಲ್ಲಿ ಇಳಿಸುತ್ತದೆ. ಬಂಡೆಗಳಿರುವುದು ಆಚೆ ದಡದಲ್ಲಿ. ದಾಟಿಸುವ ದೋಣಿಗೆ ಎಂಜಿನ್ನಿನ ಬಲ ಬೇಕಿಲ್ಲ. ನದಿಯ ಮೇಲುಗಡೆ ದೂರದಲ್ಲಿ ಲಂಗರು ಹಾಕಿದ ಉದ್ದನೆಯ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿರುತ್ತಾರೆ. ನಾವಿಕ ದೋಣಿಯನ್ನು ಪ್ರವಾಹಕ್ಕೆ ತುಸು ಓರೆಯಾಗಿ ತಿರುಗಿಸುತ್ತಲೇ ನೀರಿನ ಒತ್ತಡ ಅದನ್ನು ಪಕ್ಕಕ್ಕೆ ತಳ್ಳತೊಡಗುತ್ತದೆ, ಹಗ್ಗ ಕೆಳಗೆ ಕೊಚ್ಚಿಹೋಗದಂತೆ ಹಿಡಿಯುತ್ತದೆ. ತಲಕಾಡಿನಲ್ಲಿ ಹರಿಗೋಲಿನವನು ಹುಟ್ಟು ಹಾಕುತ್ತ ಕಾವೇರಿಯ ಸೆಳೆತದೊಡನೆ ಹೆಣಗುವುದನ್ನು ಬಾಲ್ಯದಿಂದ ನೋಡಿದ್ದ ನನಗೆ, ಅದೇ ಸೆಳೆತವನ್ನೇ ಕೆಲಸಕ್ಕೆ ಹಚ್ಚಿದ ಈ ಉಪಾಯ ಎಷ್ಟು ನೋಡಿದರೂ ಸಾಲದು. ಮೆಕ್ಯಾನಿಕ್ಸ್ ತರಗತಿಯಲ್ಲಿ ಬಲಗಳನ್ನು ಬಿಡಿಸಿ ಬರೆದದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಆಚೆ ದಡದಿಂದ ಮೆಟ್ಟಿಲು ಹತ್ತಿದರೆ ಎಲ್ಬೆಯಿಂದ 194 ಮೀಟರ್ ಎತ್ತರದ ಬಾಸ್ಟೈ ಬಂಡೆ. ಮರಳುಗಲ್ಲಿನ ಕಂಬಗಳ ನಡುವೆ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವುದರಿಂದ ಬೆಳಗಿನ ಮೊದಲ ರೈಲುಗಳಲ್ಲೇ ಹೊರಡಬೇಕು. ಮೆಟ್ಟಿಲ ಮೇಲೆ ಹಿಮ ಕಟ್ಟಿರುವಾಗ ಸಾಮಾನ್ಯ ಬೂಟು ಸಾಲದು.

ಪೂರ್ವದಂಚಿನ ಗೋರ್ಲಿಟ್ಸ್ ಊರನ್ನೂ ಬಿಡಬಾರದು. 1945ರ ನಂತರ ನೈಸೆ ನದಿಯೇ ಗಡಿಯಾಗಿ ಊರು ಎರಡಾಯಿತು, ಆಚೆಯ ಭಾಗ ಪೋಲೆಂಡಿನ ಜ್ಗೊಜೆಲೆತ್ಸ್ ಆಯಿತು. 2004ರಲ್ಲಿ ತೆರೆದ ಕಾಲುಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದೇಶ ದಾಟಬಹುದು. ಜರ್ಮನಿಯ ದೀರ್ಘಾವಧಿ ವೀಸಾ ಇದ್ದವರು 180 ದಿನಗಳಲ್ಲಿ 90 ದಿನದವರೆಗೆ ಇತರ ಶೆಂಗೆನ್ ದೇಶಗಳಲ್ಲಿ (ಪರಸ್ಪರ ಗಡಿ ತೆರೆದಿಡುವ ಒಪ್ಪಂದದ ಯುರೋಪಿನ ದೇಶಗಳು) ಇರಬಹುದಾದರೂ, ತಪಾಸಣೆ ಯಾವಾಗ ಬೇಕಾದರೂ ನಡೆಯಬಹುದಾದ್ದರಿಂದ ಪಾಸ್‌ಪೋರ್ಟನ್ನು, ನಿವಾಸ ಪರವಾನಗಿ ಬಂದಿದ್ದರೆ ಅದನ್ನೂ, ಸದಾ ಜೊತೆಗಿಟ್ಟುಕೊಳ್ಳಬೇಕು; ಮೊಬೈಲಿನಲ್ಲಿರುವ ಫೋಟೊ ನಡೆಯುವುದಿಲ್ಲ.

ಫೆಬ್ರುವರಿಯಲ್ಲಿ ಪರೀಕ್ಷೆಗಳು ಬಂದಾಗ ದೂರದ ಊರುಗಳನ್ನು ಕೈಬಿಟ್ಟು, 1710ರಿಂದ ಪಿಂಗಾಣಿ ತಯಾರಿಸುತ್ತಿರುವ ಮೈಸೆನ್‌ಗೆ ಮಾತ್ರ ಹೋಗುತ್ತಿದ್ದೆ. ಅದೇ ಎಸ್ 1 ರೈಲಿನಲ್ಲಿ ವಿರುದ್ಧ ದಿಕ್ಕಿಗೆ ಒಂದು ಗಂಟೆಯೊಳಗಿನ ದಾರಿ. ಹೋಗುತ್ತ ಒಂದು ಅಧ್ಯಾಯ, ಬರುತ್ತ ಇನ್ನೊಂದು ಓದಿಕೊಳ್ಳಬಹುದಿತ್ತು.