ಮೇಕೆ ಹಾಲಿನ ವಾಸನೆ ಹೋಗಿದ್ದು ಹೀಗೆ

ಮನೆ ಬಳಕೆಗೆ ಅಂತ ತೋಟದಲ್ಲಿ ಎರಡು ಶಿರೋಹಿ ತಳಿಯ ಮೇಕೆ ಕಟ್ಟಿದ್ದೇವೆ. ಹಾಲು ಕರೆದಾಗ ಮೂಸಿದರೆ ಏನೂ ಇರುತ್ತಿರಲಿಲ್ಲ. ಮೂರ್ನಾಲ್ಕು ಗಂಟೆ ಬಿಟ್ಟು ಕಾಯಿಸಿದರೆ ಮಾತ್ರ ಹೋತದ ವಾಸನೆ ಗಪ್ಪಂತ ಹೊಡೆಯುತ್ತಿತ್ತು.

ಏಲಕ್ಕಿ, ಶುಂಠಿ ಹಾಕಿದೆ, ಆಗಲಿಲ್ಲ. ಮೇಕೆಗೆ ಬೇವಿನ ಸೊಪ್ಪು ಹಾಕೋದು ನಿಲ್ಲಿಸಿದೆ, ಅದೂ ಸುಮ್ನೆ. ಹೋತವನ್ನು ದೂರ ಕಟ್ಟಿದ ಮೇಲೆ ಸ್ವಲ್ಪ ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ.

ತಪ್ಪು ನನ್ನದೇ. ಹಸಿ ಹಾಲಿನಲ್ಲಿ ಲೈಪೇಸ್ ಅನ್ನೋ ಕಿಣ್ವ ಇರುತ್ತದೆ, ಅದು ಕೊಬ್ಬನ್ನು ಒಡೆದಾಗ ಕ್ಯಾಪ್ರಿಕ್, ಕ್ಯಾಪ್ರಿಲಿಕ್ ಥರದ ಆಮ್ಲಗಳು ಹೊರಬರುತ್ತವೆ, ವಾಸನೆ ಅವುಗಳದ್ದೇ. ಹಸಿ ಹಾಲು ಕುಲುಕಿದಷ್ಟೂ ಇದು ಜಾಸ್ತಿ. ನಾನೋ ಬೆಚ್ಚಗಿನ ಹಾಲನ್ನು ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ ಬೈಕಿನಲ್ಲಿ ಮನೆಗೆ ತಂದು ಮಧ್ಯಾಹ್ನ ಕಾಯಿಸುತ್ತಿದ್ದೆ!

ಈಗಿನ ಕ್ರಮ: ಕೆಚ್ಚಲನ್ನು ಬೆಚ್ಚಗಿನ ನೀರಲ್ಲಿ ತೊಳೆದು ಒಣಬಟ್ಟೆಯಿಂದ ಪೂರ್ತಿ ಒರೆಸುತ್ತೇನೆ. ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆ ಬೇರೆ ಬಟ್ಟಲಿಗೆ (ಅದರಲ್ಲಿ ಗರಣೆ ಕಂಡರೆ ಕೆಚ್ಚಲು ಬಾವು ಇರಬಹುದು, ಆ ಹಾಲು ಬೇಡ, ಪಶುವೈದ್ಯರಿಗೆ ತೋರಿಸಿ). ಉಳಿದದ್ದು ಸ್ಟೀಲ್ ಪಾತ್ರೆಗೆ. ಬಟ್ಟೆಯಲ್ಲಿ ಸೋಸಿ 10 ನಿಮಿಷದೊಳಗೆ ತೋಟದಲ್ಲೇ ಒಲೆ ಮೇಲಿಟ್ಟು ಉಕ್ಕು ಬರಿಸುತ್ತೇನೆ. ಕುದಿಸಿದರೆ ಲೈಪೇಸ್ ಕೆಲಸ ನಿಲ್ಲುತ್ತದೆ, ಹಸಿ ಹಾಲಿನಿಂದ ಬರುವ ಬ್ರುಸೆಲ್ಲೋಸಿಸ್‌ನಂಥ ಕಾಯಿಲೆಯ ಭಯವೂ ಇಲ್ಲ. ಆಮೇಲೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೀರು ಎರಡು ಸಲ ಬದಲಿಸಿ, ಆರಿದ ಮೇಲೆ ಮನೆಗೆ ತಂದು ಫ್ರಿಜ್ಜಿಗೆ. ಸಂಜೆಯ ಹಸಿ ಹಾಲನ್ನು ಬೆಳಗಿನ ಹಾಲಿಗೆ ಬೆರೆಸುವುದಿಲ್ಲ.

ಈಗ ಮಾರನೇ ದಿನದ ಕಾಫಿಗೂ ವಾಸನೆ ಇಲ್ಲ.