ಟ್ರಿಪ್ಪಿಗೆ ಉಳಿದ ಡೀಸೆಲ್ ತಿಂಗಳ ಲೆಕ್ಕದಲ್ಲಿ ಎಲ್ಲಿ ಹೋಯಿತು?

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಟ್ರಾನ್ಸ್‌ಪೋರ್ಟ್ ಇದೆ, ಆರು ಲಾರಿ. ಬ್ಯಾಡಗಿ ಮೆಣಸಿನಕಾಯಿ ತುಂಬಿಕೊಂಡು ಕೊಚ್ಚಿಗೆ ಹೋಗುವುದೇ ಹೆಚ್ಚು, ಯಾಕೆಂದರೆ ಕಾಯಿಯಿಂದ ಬಣ್ಣ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಆ ಕಡೆ ಇವೆ. ಒಂದು ಕಡೆಗೆ ಹೆಚ್ಚುಕಮ್ಮಿ 870 ಕಿ.ಮೀ.

ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಅದಕ್ಕೂ ಮುಂಚೆ ರಾಜ್ಯದ ಗಡಿ ಬಂತೆಂದರೆ ತೆರಿಗೆ ಚೆಕ್‌ಪೋಸ್ಟ್ ಮುಂದೆ ಲಾರಿಗಳ ಸಾಲು. ಒಮ್ಮೆ ನಾನೂ ಡ್ರೈವರ್ ಜೊತೆ ಹೋಗಿದ್ದೆ. ಮುಂದಿನ ಲಾರಿ ಹತ್ತು ಅಡಿ ಸರಿದರೆ ನಾವೂ ಹತ್ತು ಅಡಿ ಸರಿಯಬೇಕು, ಎಂಜಿನ್ ಆಫ್ ಮಾಡಿದರೆ ಹಿಂದಿನವನ ಹಾರ್ನ್, ರಾತ್ರಿಯಿಡೀ ಇದೇ ಕತೆ. ಡೀಸೆಲ್ ಹೊಗೆಗೆ ಮೆಣಸಿನಕಾಯಿ ಘಾಟೂ ಸೇರಿ ಕ್ಯಾಬಿನ್‌ನಲ್ಲಿ ಕಣ್ಣು ಬಿಡೋಕಾಗಲಿಲ್ಲ.

ಆ ಸಾಲು ಹೋದ ಮೇಲೆ, 2018ರ ಸೀಸನ್ ಮುಗಿದಾಗ, ಹಳೆಯ ಟ್ರಿಪ್ ಶೀಟ್‌ಗಳನ್ನು ತೆಗೆದು ಕೂತೆ. ಅದೇ ಲಾರಿ, ಅದೇ ಡ್ರೈವರ್. ಲೋಡ್ ಹೋಗುವಾಗ ಮೊದಲು 238 ಲೀಟರ್, ಈಗ 222. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.68 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಂದರೆ ಟ್ರಿಪ್ಪಿಗೆ 43 ಕೆ.ಜಿ. ಕಮ್ಮಿ ಆಯಿತು ಅಂತ ಖುಷಿಪಟ್ಟೆ.

ಧಾರವಾಡದಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದ ಮಗಳು ಶೀಟ್ ನೋಡಿ, "ಅಪ್ಪಾ, ಟ್ರಿಪ್ಪಿಗೆ ಕಮ್ಮಿ ಆಗೇತಿ ಖರೆ, ತಿಂಗಳಿಗೆ ಎಷ್ಟಾತು ನೋಡ್ರಿ" ಅಂದಳು.

ನೋಡಿದೆ. ಗಡಿಯಲ್ಲಿ ಕಳೆಯುತ್ತಿದ್ದ ಸಮಯ ಉಳಿದಿದ್ದರಿಂದ ತಿಂಗಳಿಗೆ ನಾಲ್ಕು ಟ್ರಿಪ್ ಇದ್ದದ್ದು ಐದಾಗಿತ್ತು. ವಾಪಸ್ ಖಾಲಿ ಬರಲು 150 ಲೀಟರ್ ಸೇರಿಸಿದರೆ, ಒಂದು ಲಾರಿಗೆ ಮೊದಲು 1552 ಲೀಟರ್, ಈಗ 1860. ತಿಂಗಳಿಗೆ 825 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ! ಆ ಐದನೇ ಟ್ರಿಪ್ಪಿನ ಮಾಲು ಮೊದಲು ಬೇರೆಯವರ ಲಾರಿಯಲ್ಲಿ ಹೋಗುತ್ತಿತ್ತೇನೋ ಅಂತಲೂ ವಿಚಾರಿಸಿದೆ. ಸ್ವಲ್ಪ ಹಾಗಿತ್ತು. ಉಳಿದದ್ದು ಹೊಸ ವ್ಯಾಪಾರ, ಬಾಡಿಗೆ ಇಳಿದಿದ್ದಕ್ಕೆ ದೂರದವರೂ ನೇರವಾಗಿ ಬ್ಯಾಡಗಿಯಿಂದಲೇ ತರಿಸತೊಡಗಿದ್ದರು.

ಅಮೆರಿಕ, ಕೆನಡಾ, ಮೆಕ್ಸಿಕೋ ನಡುವೆ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದದ ಮಾತು ನಡೆದಿದ್ದಾಗ, 1991ರಲ್ಲೇ ಗ್ರಾಸ್‌ಮನ್ ಮತ್ತು ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ವ್ಯಾಪಾರಕ್ಕೆ ಗಡಿ ತೆರೆದರೆ ಹೊಗೆ ಹೆಚ್ಚುತ್ತದೋ ಇಳಿಯುತ್ತದೋ ಅನ್ನುವುದನ್ನು ಮೂರು ಭಾಗ ಮಾಡಿ ನೋಡಿದ್ದರಂತೆ, ಮಗಳು ಹೇಳಿದ್ದು. ಗಡಿ ತೆರೆದರೆ ವ್ಯಾಪಾರದ ಗಾತ್ರ ಬೆಳೆಯುತ್ತದೆ, ಯಾವ ಊರಲ್ಲಿ ಯಾವ ಉದ್ಯಮ ಅನ್ನುವುದು ಬದಲಾಗುತ್ತದೆ, ಕೆಲಸ ಮಾಡುವ ರೀತಿಯೂ ಸುಧಾರಿಸುತ್ತದೆ. ಮೂರರಲ್ಲಿ ಯಾವುದು ಗೆಲ್ಲುತ್ತದೋ ಅದರ ಮೇಲೆ ಹೊಗೆಯ ಲೆಕ್ಕ. ನನ್ನ ಲಾರಿಗಳಲ್ಲಿ ಗಾತ್ರ ಗೆದ್ದಿತ್ತು. ಹಾಗಂತ ಚೆಕ್‌ಪೋಸ್ಟ್ ವಾಪಸ್ ಬರಲಿ ಅಂತ ನಾನು ಹೇಳೋದಿಲ್ಲ, ಡ್ರೈವರ್‌ಗಳು ಆ ಸಾಲಿನಲ್ಲಿ ಪಟ್ಟ ಕಷ್ಟ ಕಣ್ಣಾರೆ ಕಂಡಿದ್ದೇನೆ.

ನನ್ನ ಕೈಯಲ್ಲಿದ್ದದ್ದು ಖಾಲಿ ಓಡಾಟ. ಕೊಚ್ಚಿಯಲ್ಲಿ ಒಂದು ದಿನ ಕಾದಾದರೂ ರಬ್ಬರ್, ತೆಂಗಿನ ನಾರು, ಏನಾದರೂ ರಿಟರ್ನ್ ಲೋಡ್ ಹಿಡಿಯಿರಿ ಅಂತ ಡ್ರೈವರ್‌ಗಳಿಗೆ ಹೇಳಿದೆ, ಕಾದ ದಿನದ ಬಾಟಾ ನಾನೇ ಕೊಟ್ಟೆ. ಲೋಡ್ ತಂದರೆ 70 ಲೀಟರ್ ಜಾಸ್ತಿ ಬೇಕು, ಆದರೆ ಅದೇ ಮಾಲಿಗೆ ಬೇರೆ ಲಾರಿ ಬಂದಿದ್ದರೆ 220 ಲೀಟರ್ ಸುಡುತ್ತಿತ್ತು, ಅಲ್ವಾ? ಇನ್ನೊಂದು, ಅರ್ಧ ಲಾರಿ ಮಾಲಿಗೆ ಲಾರಿ ಬಿಡುವುದನ್ನು ನಿಲ್ಲಿಸಿದೆ. ಮೆಣಸಿನಕಾಯಿ ಹಗುರ ಮಾಲು, ತೂಕ ತುಂಬುವ ಮೊದಲೇ ಜಾಗ ತುಂಬುತ್ತದೆ, ಹಾಗಾಗಿ ಚೀಲ ಜೋಡಿಸುವುದರಲ್ಲೇ ಎಲ್ಲ ಇದೆ. ಮೂರು ನಾಲ್ಕು ವ್ಯಾಪಾರಿಗಳ ಚೀಲ ಒಂದೇ ಲಾರಿಗೆ ಹಾಕಿ, ಎಲ್ಲರ ಮಾಲಿಗೂ ಸೇರಿಸಿ ಒಂದೇ ಸಾಗಣೆ ಪತ್ರ, ಅಂದರೆ ಕನ್ಸಾಲಿಡೇಟೆಡ್ ಇ-ವೇ ಬಿಲ್ ಮಾಡಿಸುತ್ತೇನೆ.

ಎಲ್ಲ ಸಲ ರಿಟರ್ನ್ ಲೋಡ್ ಸಿಗಲ್ಲ. ಐದರಲ್ಲಿ ಮೂರಕ್ಕೆ ಸಿಕ್ಕರೆ ಒಳ್ಳೆ ತಿಂಗಳು. ಈಗ ಟ್ರಿಪ್ ಶೀಟ್‌ನಲ್ಲಿ ಒಂದು ಕಾಲಂ ಜಾಸ್ತಿ ಇದೆ, 'ಖಾಲಿ ಓಡಿದ ಕಿ.ಮೀ.' ಅಂತ. ತಿಂಗಳ ಕೊನೆಗೆ ಮೊದಲು ಅದನ್ನೇ ಕೂಡಿಸುತ್ತೇನೆ.